ಆ ಮೂವತ್ತೊಂದು ಸೆಕೆಂಡು ಎಲ್ಲಿಂದ ಬಂತು?

ಹಾಸನದಲ್ಲಿ ಫಿಸಿಯೋಥೆರಪಿ ಮಾಡಿಕೊಂಡು ಹದಿನಾಲ್ಕು ವರ್ಷವಾಯಿತು. ಉಸಿರಿನ ವ್ಯಾಯಾಮಕ್ಕೆ ನನ್ನ ಬಳಿ ಬರುವವರು ಹೆಚ್ಚಾಗಿ ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿದವರು, ಬೀಡಿ ಸೇದಿ ಏದುಸಿರು ಬಿಡುವವರು. ಹೋದ ಮಳೆಗಾಲದಲ್ಲಿ ಬಂದ ಹುಡುಗನದು ಬೇರೆಯೇ ಕಥೆ. ಅಂಡಮಾನಿನಲ್ಲಿ ಕೆಲಸ, ಗಾಳಿಯ ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಕಡಲಿಗಿಳಿಯುವ ಹುಚ್ಚು. “ಮೇಡಂ, ಮೂರು ನಿಮಿಷ ದಾಟಿಸಿಕೊಡಿ” ಎಂದ. ಅದಕ್ಕೇನಂತೆ ಎಂದುಬಿಟ್ಟೆ.

ಆಸ್ಪತ್ರೆಯಲ್ಲಿ ಎಲ್ಲರೂ ಕಂಡಿರುವ ಮೂರು ಚೆಂಡಿನ ಸ್ಪೈರೋಮೀಟರ್ ಇದಕ್ಕೆ ಸಾಲದು. ಉಸಿರೆಳೆಯುವ ಸ್ನಾಯುವಿಗೆ ಹೊರೆ ಬೀಳಬೇಕಾದರೆ ಸ್ಪ್ರಿಂಗ್ ಕವಾಟದ ಉಪಕರಣ ಬೇಕು. ತಕ್ಕಷ್ಟು ಬಲವಾಗಿ ಎಳೆಯದಿದ್ದರೆ ಅದು ಗಾಳಿಯನ್ನೇ ಬಿಡದು. ಬೆಳಿಗ್ಗೆ 30, ಸಂಜೆ 30 ಉಸಿರು, ಗರಿಷ್ಠ ಬಲದ ಅರ್ಧದಷ್ಟು ಹೊರೆ. ಆರು ವಾರದಲ್ಲಿ ಅವನ ಎಳೆಯುವ ಬಲ 104 ಸೆಂಟಿಮೀಟರ್ ನೀರಿನ ಒತ್ತಡದಿಂದ 131ಕ್ಕೆ ಏರಿತು. ಮಂಚದ ಮೇಲೆ ಮಲಗಿಸಿ ಉಸಿರು ಹಿಡಿಸಿದರೆ, 2 ನಿಮಿಷ 50 ಸೆಕೆಂಡು ಇದ್ದದ್ದು 2 ನಿಮಿಷ 54 ಆಗಿತ್ತು. ಅಷ್ಟೇ.

ಮರುದಿನ 3 ನಿಮಿಷ 25! ಬೆನ್ನು ತಟ್ಟಿದೆ, ಕಡತದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಅವನು ಹೋದಮೇಲೆ ನಮ್ಮ ಆಯಾ ಹೇಳಿದರು: “ನೀವು ಫೋನಿಗೆ ಆಚೆ ಹೋದಾಗ ಆ ಹುಡುಗ ಕಮ್ಮಾರನ ತಿದಿಯ ಹಾಗೆ ಉಸಿರಾಡುತ್ತಿದ್ದ.”

ಉಸಿರು ಹಿಡಿದವರನ್ನು ಒದ್ದಾಡಿಸುವುದು ಆಮ್ಲಜನಕದ ಕೊರತೆಗಿಂತ ಹೆಚ್ಚಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಅದು ಒಂದು ಮಟ್ಟ ಮುಟ್ಟಿದಾಗ ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯುವಾದ ವಪೆ ತಾನಾಗಿ ಎಳೆಯತೊಡಗುತ್ತದೆ; ಪಕ್ಕೆಲುಬಿನ ಕೆಳಗೆ ಬಿಕ್ಕಳಿಕೆಯಂತೆ ಹೊಟ್ಟೆ ಜಗ್ಗುವುದು ಕಣ್ಣಿಗೇ ಕಾಣುತ್ತದೆ. ಮೊದಲೇ ರಭಸವಾಗಿ ಉಸಿರಾಡಿದರೆ ಆ ಅನಿಲ ಹೊರಹೋಗಿ ಎಚ್ಚರಿಕೆ ತಡವಾಗುತ್ತದೆ, ಆಮ್ಲಜನಕದ ದಾಸ್ತಾನು ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ. ನೀರಿನೊಳಗೆ ಹೀಗಾದರೆ ಸುಳಿವೇ ಕೊಡದೆ ಪ್ರಜ್ಞೆ ತಪ್ಪುತ್ತದೆ. ಆ ಭಾನುವಾರ ಗೊರೂರಿನ ಹಿನ್ನೀರಿಗೆ ಒಬ್ಬನೇ ಹೋಗುವವನಿದ್ದನಂತೆ. ಕೇಳಿ ಕೈಕಾಲು ತಣ್ಣಗಾಯಿತು.

ಸ್ನಾಯು ಗಟ್ಟಿಯಾದರೆ ಎದೆ ತುಂಬ ಗಾಳಿ ಎಳೆಯಲು, ಮೇಲೆ ಬಂದು ಸುಧಾರಿಸಿಕೊಳ್ಳಲು ನೆರವಾದೀತು. ಆದರೆ ಎಷ್ಟು ಹೊತ್ತು ಹಿಡಿಯಬಲ್ಲೆವು ಎಂಬುದು ಒಳಗಿರುವ ಆಮ್ಲಜನಕವನ್ನು ದೇಹ ಎಷ್ಟು ಜಿಪುಣತನದಿಂದ ಖರ್ಚು ಮಾಡುತ್ತದೆ, ಆ ಒದ್ದಾಟವನ್ನು ಮನಸ್ಸು ಎಷ್ಟು ತಾಳುತ್ತದೆ ಎಂಬುದಕ್ಕೆ ಸೇರಿದ್ದು. ಬಲದ ಅಂಕಿ ತೋರಿಸಿ ನಿಮಿಷದ ಭರವಸೆ ಕೊಟ್ಟದ್ದು ನನ್ನ ತಪ್ಪು.

ಕೆಂಪು ಶಾಯಿಯ ಅಂಕಿಯನ್ನು ಅವನೆದುರೇ ಹೊಡೆದುಹಾಕಿದೆ. ಮುಖ ಊದಿಸಿಕೊಂಡ. ಈಗ ನನ್ನ ಫಾರಂನಲ್ಲಿ ಸೆಕೆಂಡುಗಳಿಗೆ ಮೊದಲು ಇನ್ನೊಂದು ಅಂಕಣವಿದೆ: ಹಿಡಿಯುವ ಮುಂಚಿನ ಒಂದು ನಿಮಿಷದಲ್ಲಿ ಎಷ್ಟು ಉಸಿರು.