ಸುಮಿದಾ ಸೇತುವೆಗಳ ಚಿತ್ರಪುಸ್ತಕ: ಫುಕಗಾವಾ ದಡದಲ್ಲಿ ಒಂದು ಮಧ್ಯಾಹ್ನ

ಟೋಕಿಯೊದ ಸುಮಿದಾ ನದಿಯ ಸೇತುವೆಗಳನ್ನು ಪೆನ್ನು ಮತ್ತು ಜಲವರ್ಣದಲ್ಲಿ ಒಂದೊಂದಾಗಿ ಬಿಡಿಸುವ ಕೆಲಸ ಈ ವಾರ ಚೆನ್ನಾಗಿ ಮುಂದಕ್ಕೆ ಹೋಯಿತು. ಏತಾಯ್ ಮತ್ತು ಕಿಯೋಸು ಸೇತುವೆಗಳ ಪುಟಗಳು ಮುಗಿದಿವೆ. ಇವೆರಡನ್ನೂ ಒಂದೇ ಮಧ್ಯಾಹ್ನ ಪಕ್ಕಪಕ್ಕದಲ್ಲಿ ನೋಡಿ ಬಿಡಿಸಬೇಕು ಅನ್ನೋದು ಮೊದಲಿಂದಲೂ ಇದ್ದ ಆಸೆ. ನೋಡೋಕೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತೆ. ಆದರೆ ಎರಡೂ ಹುಟ್ಟಿದ್ದು ಒಂದೇ ಕಷ್ಟದಿಂದ.

ಹೊರಟಿದ್ದು ನಿಶಿ-ಕಸಾಯ್‌ನಿಂದ. ಭಾರತೀಯರು ಜಾಸ್ತಿ ಇರುವ ಆ ಕಡೆಯಲ್ಲಿ ಇರುವ ಕನ್ನಡದವರು ಊಟ ಮುಗಿಸಿ ತೋಜಾಯ್ ಲೈನ್ ಹತ್ತಿದರೂ ಸಾಕು, ಸಂಜೆಯೊಳಗೆ ಈ ನಡಿಗೆ ಮುಗಿಯುತ್ತದೆ. ದಾರಿಯಲ್ಲಿ ರೈಲು ದಾಟುವ ಅಗಲವಾದ ಅರಕಾವಾ ಅಲ್ಲಿ ತಾನಾಗಿ ಹರಿದ ನದಿಯಲ್ಲ. 1910ರ ದೊಡ್ಡ ಪ್ರವಾಹದ ನಂತರ ಜನ ತೋಡಿದ ಕಾಲುವೆ ಅದು, ನೀರು ಬಿಟ್ಟಿದ್ದು 1924ರಲ್ಲಿ. ಅದಕ್ಕೂ ಮುಂಚೆ ಆ ನೀರೆಲ್ಲ ಸುಮಿದಾದಲ್ಲೇ ಹರಿಯುತ್ತಿತ್ತು.

ಮೊನ್‌ಜೆನ್-ನಕಾಚೊದಲ್ಲಿ ಇಳಿದು ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಏತಾಯ್. ಇಲ್ಲಿ ಮೊದಲ ಮರದ ಸೇತುವೆ ಕಟ್ಟಿದ್ದು 1698ರಲ್ಲಿ. 1807ರಲ್ಲಿ ಹಚಿಮಾನ್ ಗುಡಿಯ ಜಾತ್ರೆಗೆ ನುಗ್ಗಿದ ಜನರ ಭಾರಕ್ಕೆ ಅದು ಮುರಿದು ನೂರಾರು ಜನ ಸತ್ತರು. ಆಮೇಲೆ ಕಬ್ಬಿಣದ ಸೇತುವೆ ಬಂತು, ಆದರೆ ಮೇಲೆ ಹಾಸಿದ್ದು ಮರದ ಹಲಗೆ. 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಊರಿಗೆ ಬೆಂಕಿ ಬಿದ್ದಾಗ ಆ ಹಲಗೆಗಳೂ ಹೊತ್ತಿಕೊಂಡವು. ಓಡಿ ಬಂದವರಿಗೆ ದಾಟಲು ದಾರಿಯೇ ಇಲ್ಲವಾಯಿತು. ಈಗ ನಾವು ನೋಡುವ ಸೇತುವೆ ಆ ದುರಂತದ ನಂತರ 1926ರಲ್ಲಿ ಮುಗಿದದ್ದು. ಅದರ ಮೇಲೆ ನಡೆಯುವಾಗ ಇದೆಲ್ಲ ಮನಸ್ಸಿನಲ್ಲಿ ಇರಲೇಬೇಕು ಅಂತ ನನಗೆ ಅನ್ನಿಸುತ್ತದೆ.

ಕಷ್ಟ ಅಂದೆನಲ್ಲ, ಅದು ಕೆಸರು. ಸುಮಿದಾದ ಪೂರ್ವ ದಡದ ಈ ಫುಕಗಾವಾ ಕಡೆಯ ನೆಲ ನದಿ ತಂದು ಹಾಕಿದ ಮೆತ್ತನೆ ಮಣ್ಣು. ಸಾಮಾನ್ಯ ಕಮಾನು ತನ್ನ ಎರಡೂ ತುದಿಯನ್ನು ಹೊರಕ್ಕೆ ಒತ್ತುತ್ತದೆ. ಸಾಮಾನ್ಯ ತೂಗುಸೇತುವೆ ದಡವನ್ನು ಒಳಕ್ಕೆ ಎಳೆಯುತ್ತದೆ. ಇಂಥ ನೆಲ ಎರಡನ್ನೂ ತಡೆಯುವುದು ಕಷ್ಟ. ಆಗ ಪುನರ್ನಿರ್ಮಾಣ ಇಲಾಖೆಯಲ್ಲಿ ಸೇತುವೆಗಳ ಕೆಲಸ ನೋಡಿಕೊಂಡವರು ಎಂಜಿನಿಯರ್ ತನಾಕಾ ಯುತಾಕಾ. ಏತಾಯ್‌ನ ಕಮಾನಿನ ಎರಡೂ ತುದಿಯನ್ನು ಉಕ್ಕಿನ ಪಟ್ಟಿಯಿಂದ ಬಿಗಿದು ಕಟ್ಟಿದರು, ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ. ಒತ್ತಡವೆಲ್ಲ ಆ ಪಟ್ಟಿಯಲ್ಲೇ ಮುಗಿಯುತ್ತದೆ, ನೆಲಕ್ಕೆ ಇಳಿಯುವುದು ಭಾರ ಮಾತ್ರ. ಮಧ್ಯದಲ್ಲಿ ಕಂಬದಿಂದ ಕಂಬಕ್ಕೆ ಅಂತರ 100.6 ಮೀಟರ್, ಜಪಾನಿನಲ್ಲಿ ಈ ಅಂತರ ನೂರು ಮೀಟರ್ ದಾಟಿದ ಮೊದಲ ಸೇತುವೆ ಇದೇ.

1928ರ ಕಿಯೋಸುವಿನಲ್ಲಿ ಇದೇ ಲೆಕ್ಕ ತಿರುಗುಮುರುಗು. ಇದು ತೂಗುಸೇತುವೆ. ತೂಗುವ ಸರಪಳಿಯ ತುದಿಗಳನ್ನು ದಡದಲ್ಲಿ ಹೂಳದೆ, ರಸ್ತೆ ಹೊರುವ ತೊಲೆಗಳ ತುದಿಗೇ ಸೇರಿಸಿದ್ದಾರೆ. ಸರಪಳಿ ಎಳೆಯುತ್ತದೆ, ತೊಲೆ ತಡೆಯುತ್ತದೆ. ಜರ್ಮನಿಯ ಕಲೋನ್ ಊರಿನ ತೂಗುಸೇತುವೆ ಇದಕ್ಕೆ ಮಾದರಿ. ಆ ಸೇತುವೆ 1945ರಲ್ಲಿ ಬಿದ್ದುಹೋಯಿತು. ಅದನ್ನು ನೋಡಿ ಕಟ್ಟಿದ್ದು ಇಲ್ಲಿ ಇನ್ನೂ ಬಸ್ಸು ಲಾರಿ ಹೊರುತ್ತಾ ನಿಂತಿದೆ. 2007ರಲ್ಲಿ ಎರಡನ್ನೂ ರಾಷ್ಟ್ರದ ಮುಖ್ಯ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿದರು. ಅದಕ್ಕೆ ಪೂರ್ತಿ ಯೋಗ್ಯವಾದ ಸೇತುವೆಗಳು ಇವು.

ಇನ್ನು ಚಿತ್ರದ ವಿಷಯ. ಪೂರ್ವ ದಡದಲ್ಲಿ ಕೂತರೆ ಮಧ್ಯಾಹ್ನದ ಬಿಸಿಲು ಎದುರಿನಿಂದ ಬರುತ್ತದೆ. ರಿವೆಟ್‌ಗಳು ಕಾಣುವುದಿಲ್ಲ, ಆಕಾರ ಮಾತ್ರ ಎದ್ದು ಕಾಣುತ್ತದೆ. ಈ ಎರಡು ಪುಟಗಳಿಗೆ ನನಗೆ ಬೇಕಿದ್ದದ್ದೂ ಅದೇ. ಸೇತುವೆಗಳ ನೀಲಿಗೆ ಚೂರು ಕಂದು ಬೆರೆಸಿ, ಬೂದು ಅನ್ನಿಸುವಷ್ಟು ಮಂಕು ಮಾಡಿದೆ. ಕಿಯೋಸುವಿನ ಸರಪಳಿಯನ್ನು ಒಂದೇ ಬಾಗಿದ ಗೆರೆಯಾಗಿ ಎಳೆದಿಲ್ಲ. ಅದು ತಂತಿಯ ಹಗ್ಗವಲ್ಲ, ಉಕ್ಕಿನ ಉದ್ದನೆ ಪಟ್ಟಿಗಳನ್ನು ಗೂಟ ಹಾಕಿ ಜೋಡಿಸಿದ್ದು. ಹಾಗಾಗಿ ಒಂದು ಗೂಟದಿಂದ ಇನ್ನೊಂದಕ್ಕೆ ಚಿಕ್ಕ ನೇರ ಗೆರೆಗಳು. ದೂರದಿಂದ ಅವೇ ಕೂಡಿ ಬಾಗುತ್ತವೆ. ಈ ಪುಟದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಜಾಗ ಹುಡುಕುವವರಿಗೆ: ಕಿಯೋಸು ಚೆನ್ನಾಗಿ ಕಾಣುವುದು ಒನಾಗಿ ಹೊಳೆ ಸುಮಿದಾ ಸೇರುವ ಕಡೆ, ಮನ್ನೆನ್ ಸೇತುವೆಯ ಹತ್ತಿರದಿಂದ. ಅಲ್ಲೇ ನೀರು ತಡೆಯುವ ದೊಡ್ಡ ಗೇಟು ಇದೆ. ಬಾವಿ ನೀರು ಎತ್ತಿ ಎತ್ತಿ ಇಲ್ಲಿನ ನೆಲ ಕುಸಿದು, ಎಷ್ಟೋ ಕಡೆ ಉಬ್ಬರದ ನೀರಿಗಿಂತ ಕೆಳಗೆ ಇಳಿದಿದೆ. ಅದಕ್ಕೇ ಗೇಟು, ಅದಕ್ಕೇ ಎತ್ತರದ ಕಾಂಕ್ರೀಟ್ ಗೋಡೆ. ಬೀದಿಯಿಂದ ನೋಡಿದರೆ ಎಷ್ಟೋ ಕಡೆ ನದಿ ಇದೆ ಅಂತಲೇ ಗೊತ್ತಾಗಲ್ಲ. ಗೋಡೆಯ ಆಚೆ, ನೀರಿನ ಪಕ್ಕದಲ್ಲೇ ನಡೆಯುವ ದಾರಿ ಮಾಡಿರುವುದು ನಮ್ಮಂಥವರಿಗೆ ದೊಡ್ಡ ಉಪಕಾರ. ಹತ್ತಿರದ ಚಿಕ್ಕ ತೋಟದಲ್ಲಿ ಕವಿ ಬಾಶೊ ಕೂತ ಮೂರ್ತಿ ಇದೆ. ಅವರು ಇದೇ ಫುಕಗಾವಾದಲ್ಲಿ ಇದ್ದವರು, 1689ರಲ್ಲಿ ಉತ್ತರದ ಕಡೆಗೆ ಹೊರಟದ್ದೂ ಇಲ್ಲಿಂದಲೇ. ತೋಟ ನಾಲ್ಕೂವರೆಗೆ ಮುಚ್ಚುತ್ತದೆ. ಐದು ಗಂಟೆಗೆ ಮೂರ್ತಿ ತಾನೇ ತಿರುಗುವುದನ್ನು ಕೆಳಗಿನ ದಾರಿಯಿಂದ ನೋಡಬಹುದು, ಮಕ್ಕಳಿದ್ದರೆ ತೋರಿಸಿ.

ಕಿಯೋಸುಮಿ ತೋಟಕ್ಕೂ ಹೋಗಿ ಬಂದೆ. ಕಲ್ಲುಗಳು ಚಂದ, ಅದಕ್ಕೇ ಬೇರೆ ದಿನ ಕೊಡಬೇಕು.

ಮುಂದಿನದು ಸುಮಿದಾದ ಮೇಲ್ಹೊಳೆಯ ಕಡೆಯ ಸೇತುವೆಗಳು: ಹಳದಿ ಕುರಮಾಯೆ, ಹಸಿರು ಉಮಾಯಾ, ನೀಲಿ ಕೊಮಗಾತಾ, ಕೆಂಪು ಅಜುಮಾ. ಅಲ್ಲಿ ಬಣ್ಣವೇ ಮುಖ್ಯ. ಹಾಗಾಗಿ ಮಧ್ಯಾಹ್ನ ಪಶ್ಚಿಮ ದಡದಲ್ಲಿ, ಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಕುರಮಾಯೆಯ ಕಮಾನುಗಳು ರಸ್ತೆಯ ಕೆಳಗಿವೆ, ಉಮಾಯಾದವು ಮೇಲಿವೆ. ಎರಡನ್ನೂ ಎದುರುಬದುರು ಪುಟದಲ್ಲಿ ಹಾಕುವ ಯೋಚನೆ ಇದೆ. ಅದಕ್ಕೆ ಅಡ್ಡಕ್ಕೆ ಇನ್ನೂ ಅಗಲವಾದ ಹಾಳೆ ಬೇಕು.