ಅಕ್ಕಾ, ಆ ಹಳೇ ಕಾಲದ ಪಫ್ ಮನ್ಯಾಗ ಹೆಂಗ ಹಾಕ್ಕೋತೀರಿ?

ಕಾಲೇಜಿನಲ್ಲಿ ರೆಟ್ರೋ ಡೇ ಬಂದರೆ, ಬಂಧುಬಳಗದಲ್ಲಿ ಮದುವೆ ಬಂದರೆ, ನಮ್ಮ ಓಣಿಯ ಹುಡುಗಿಯರು ನನ್ನನ್ನು ಕೇಳುವುದು ಇದನ್ನೇ. ಸರೋಜಾದೇವಿ, ಜಯಂತಿ, ಕಲ್ಪನಾ ಅವರ ಕಾಲದಲ್ಲಿ ನೆತ್ತಿಯ ಮೇಲೆ ಉಬ್ಬಿ ನಿಲ್ಲುತ್ತಿತ್ತಲ್ಲ ಆ ಕೂದಲು, ಅದು ಪಾರ್ಲರಿಗೆ ಹೋಗದೆ ಬರುತ್ತದೆಯೇ? ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: "ಯಾವ ಸ್ಪ್ರೇ ತರ್ಲಿ?"

ಖಂಡಿತ ಬರುತ್ತದೆ. ಸ್ಪ್ರೇ ಆಮೇಲಿನ ಮಾತು. ಕೂದಲು ಏಳುವುದು ಬುಡದಲ್ಲಿ, ಉಲ್ಟಾ ಬಾಚುವುದರಿಂದ. ದಟ್ಟ ಕೂದಲಿದ್ದವರಿಗೆ ಮಾತ್ರ ಒಪ್ಪುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ತೆಳು ಕೂದಲಿನವರಿಗೆ ಇದು ಹಗುರವಾಗಿ, ಚೆಂದವಾಗಿ ನಿಲ್ಲುತ್ತದೆ.

ಯಾಕೆ ನಿಲ್ಲುತ್ತದೆ ಎಂದು ಕೊಪ್ಪಳದವರಿಗೆ ಹೇಳುವುದು ಸುಲಭ. ಪಕ್ಕದ ಭಾಗ್ಯನಗರದಲ್ಲಿ ತಲೆಗೂದಲಿನ ವ್ಯಾಪಾರ ದೊಡ್ಡದು. ಹೆಂಗಸರು ಬಾಚಿ ಉಂಡೆ ಮಾಡಿಟ್ಟ ಕೂದಲು ಊರೂರಿಂದ ಅಲ್ಲಿಗೆ ಬರುತ್ತದೆ. ಸಿಕ್ಕು ಬಿಡಿಸಿ, ಉದ್ದ ನೋಡಿ ವಿಂಗಡಿಸಿ, ಕಟ್ಟು ಕಟ್ಟಿ ಕಳಿಸುತ್ತಾರೆ. ಆ ಉಂಡೆಯಲ್ಲಿ ಒಂದೆಳೆಯ ಬುಡ ಇನ್ನೊಂದೆಳೆಯ ತುದಿಗೆ ತಾಗಿ ಬಿದ್ದಿರುತ್ತದೆ. ಅದಕ್ಕೇ ಅಷ್ಟು ಗಂಟು. ತಲೆಯಿಂದ ಒಮ್ಮೆಗೇ ಕತ್ತರಿಸಿ ಕಟ್ಟಿದ ಕೂದಲಲ್ಲಿ ಬುಡವೆಲ್ಲ ಒಂದೇ ಕಡೆ ಇರುವುದರಿಂದ ಅದು ಕೈಯಲ್ಲಿ ಜಾರುತ್ತದೆ. ಪ್ರತಿ ಎಳೆಯ ಮೇಲೂ ಕಣ್ಣಿಗೆ ಕಾಣದ ಪದರಗಳಿವೆ, ಮನೆಯ ಹಂಚು ಹೊದಿಸಿದಂತೆ ಒಂದರ ಮೇಲೊಂದು, ಅಂಚೆಲ್ಲ ತುದಿಯ ಕಡೆಗೆ. ಒಂದೆಳೆ ಹಿಡಿದು ಎರಡು ಬೆರಳಲ್ಲಿ ಬುಡದಿಂದ ತುದಿಗೆ ಎಳೆಯಿರಿ, ನುಣುಪು. ತುದಿಯಿಂದ ಬುಡಕ್ಕೆ ಎಳೆಯಿರಿ, ಬೆರಳು ತಡೆಯುತ್ತದೆ. ಉಲ್ಟಾ ಬಾಚಿದಾಗ ಆ ಅಂಚುಗಳೆದ್ದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಬುಡದಲ್ಲಿ ಒಂದು ಮೆತ್ತೆ ತಯಾರಾಗುತ್ತದೆ. ಷಿಕಾಗೋದ ಮಾರ್ಗರೆಟ್ ವಿನ್ಸಿ ಹೆಲ್ಟ್ ಎಂಬಾಕೆ 1960ರಲ್ಲಿ ಪತ್ರಿಕೆಯೊಂದಕ್ಕಾಗಿ ಮಾಡಿ ತೋರಿಸಿದ, ಆಮೇಲೆ ಜಗತ್ತೆಲ್ಲ ಹಬ್ಬಿದ 'ಬೀಹೈವ್' ಎಂಬ ಎತ್ತರದ ತುರುಬಿನ ಒಳಗಿದ್ದದ್ದೂ ಇದೇ ಮೆತ್ತೆ.

ನಮ್ಮ ಕಡೆ ಇದಕ್ಕೆ ಅಡ್ಡಿ ಎಣ್ಣೆ. ವಾರಕ್ಕೊಮ್ಮೆ ಎರೆದುಕೊಂಡು ಮರುದಿನವೇ ಎಣ್ಣೆ ಹಚ್ಚಿ ಹೆರಳು ಹಾಕುವ ರೂಢಿ ಒಳ್ಳೆಯದೇ, ಆದರೆ ಎಣ್ಣೆ ಕೂದಲು ಪಫ್‌ಗೆ ನಿಲ್ಲದು. ಹಿಂದಿನ ದಿನ ಶಾಂಪೂ ಹಾಕಿ ತೊಳೆಯಿರಿ, ಕಂಡೀಷನರ್ ತುದಿಗಷ್ಟೇ. ಬೋರ್ ನೀರಿನ ಮನೆಗಳಲ್ಲಿ ಸಾಬೂನು ಬೇಡ. ಗಡಸು ನೀರಿಗೆ ಸಾಬೂನು ಸೇರಿದರೆ ಕೂದಲ ಮೇಲೆ ಮಂಕು ಅಂಟು ಉಳಿಯುತ್ತದೆ, ಬಾಚಣಿಕೆ ಓಡುವುದಿಲ್ಲ.

ಹವೆ ಮಾತ್ರ ನಮ್ಮ ಪಾಲಿಗೆ ವರ. ಒದ್ದೆ ಕೂದಲನ್ನು ಯಾವ ಆಕಾರದಲ್ಲಿ ಒಣಗಿಸುತ್ತೇವೋ ಆ ಆಕಾರ ಹಿಡಿಯುತ್ತದೆ, ಮತ್ತೆ ತೇವ ತಾಗಿದರೆ ಬಿಡುತ್ತದೆ. ಮಂಗಳೂರಿನಲ್ಲಿ ಮಧ್ಯಾಹ್ನಕ್ಕೇ ಕುಸಿಯುವ ರೋಲರ್ ಸುರುಳಿ ಕೊಪ್ಪಳದ ಒಣ ಗಾಳಿಯಲ್ಲಿ ಸಂಜೆಯವರೆಗೂ ಇರುತ್ತದೆ. ಬೆವರನ್ನು ನೋಡಿಕೊಳ್ಳಬೇಕು, ಅಷ್ಟೇ. ಫ್ಯಾನ್ ಕೆಳಗೆ ಕುಳಿತು ಮಾಡಿಕೊಳ್ಳಿ, ಅಡುಗೆಮನೆಯ ಕೆಲಸವೆಲ್ಲ ಮುಗಿದ ಮೇಲೆ.

ಅಂಗಡಿಯ ಜೆಲ್ ಬದಲು ನಾನು ಅಗಸಿ ಬಳಸುತ್ತೇನೆ, ಚಟ್ನಿಪುಡಿಗೆ ತಂದಿಟ್ಟ ಅದೇ ಅಗಸಿ. ಎರಡು ಚಮಚ ಬೀಜ ಒಂದು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಚಮಚದಿಂದ ಎಳೆ ಎಳೆಯಾಗಿ ಇಳಿಯುವಾಗ ಒಲೆ ಆರಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಿದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಮುಕ್ಕಾಲು ಒಣಗಿದ ಕೂದಲಿಗೆ ಇದನ್ನು ತೆಳ್ಳಗೆ ಸವರಿ, ನೆತ್ತಿಯ ಮೇಲೆ ಮೂರು ದೊಡ್ಡ ರೋಲರ್ ಹಣೆಯಿಂದ ಹಿಂದಕ್ಕೆ ಸುತ್ತಿ. ಪೂರ್ತಿ ಒಣಗುವ ತನಕ ಬಿಚ್ಚಬೇಡಿ. ಡ್ರೈಯರ್ ಹಿಡಿದಿದ್ದರೆ ಕೂದಲು ತಣ್ಣಗಾಗುವವರೆಗೂ ಕಾಯಿರಿ.

ಈಗ ಉಲ್ಟಾ ಬಾಚುವುದು. ಹಣೆಯ ಮೇಲಿನ ಎರಡು ಬೆರಳಗಲದ ಕೂದಲನ್ನು ಮುಂದಕ್ಕೆ ಬಿಟ್ಟುಬಿಡಿ. ಕೊನೆಗೆ ಮೇಲೆ ಹೊದಿಸಲು ಅದು ಬೇಕು. ಅದರ ಹಿಂದಿನಿಂದ ಒಂದಂಗುಲ ದಪ್ಪದ ಪದರ ತೆಗೆದು ನೇರ ಮೇಲಕ್ಕೆ ಬಿಗಿಯಾಗಿ ಹಿಡಿಯಿರಿ. ಸಣ್ಣ ಹಲ್ಲಿನ ಹಣಿಗಿಯನ್ನು ಬುಡದಿಂದ ನಾಲ್ಕು ಬೆರಳು ಮೇಲೆ ಇಟ್ಟು ಬುಡದ ಕಡೆಗೆ ಒತ್ತಿ ತನ್ನಿ. ತಂದ ಮೇಲೆ ಹಣಿಗಿಯನ್ನು ಹೊರಗೆ ತೆಗೆಯಿರಿ, ಅಲ್ಲಿಂದಲೇ ಮೇಲಕ್ಕೆ ಎಳೆದರೆ ಒತ್ತಿದ್ದೆಲ್ಲ ಬಿಚ್ಚಿಹೋಗುತ್ತದೆ. ಮತ್ತೆ ಮೇಲಿಟ್ಟು ಒತ್ತಿ. ಮೂರ್ನಾಲ್ಕು ಸಲಕ್ಕೆ ಪದರ ಕೈಬಿಟ್ಟರೂ ನಿಲ್ಲುತ್ತದೆ. ಆಗ ಒಂದು ಗೇಣು ದೂರದಿಂದ ಬುಡಕ್ಕೆ ಸ್ಪ್ರೇ ಹೊಡೆದು ಮುಂದಿನ ಪದರಕ್ಕೆ ಹೋಗಿ. ಸ್ಪ್ರೇಗೆ ಬೆಂಕಿ ಬೇಗ ಹತ್ತುತ್ತದೆ, ಒಲೆಯ ಹತ್ತಿರವಾಗಲಿ ದೇವರ ದೀಪದ ಮುಂದಾಗಲಿ ಹೊಡೆಯಲೇಬೇಡಿ. ನೆತ್ತಿ ಮುಗಿದ ಮೇಲೆ ಮುಂದಿನ ಕೂದಲನ್ನು ಹಿಂದಕ್ಕೆ ತಂದು ಹೊದಿಸಿ, ಮೆತ್ತನೆ ಬ್ರಷ್‌ನಲ್ಲಿ ಮೇಲ್ಮೈ ಮಾತ್ರ ಸವರಿ, ಹಿಂದೆ ಪಿನ್ನುಗಳನ್ನು ಕತ್ತರಿಯಾಕಾರದಲ್ಲಿ ಸಿಕ್ಕಿಸಿ. ಪಿನ್ನಿನ ಅಂಕುಡೊಂಕಿನ ಮಗ್ಗುಲು ತಲೆಯ ಕಡೆಗಿರಲಿ, ಆಗ ಜಾರುವುದಿಲ್ಲ.

ಕೂದಲು ತೀರಾ ಕಡಿಮೆ ಇದ್ದರೆ ಒಳಗೊಂದು ಸಣ್ಣ ಚೌರಿ ಇಡಿ. ನಾಚಿಕೆ ಏಕೆ? ಅಜ್ಜಿಯರು ಉದುರಿದ ಕೂದಲು ಕೂಡಿಟ್ಟು ಚೌರಿ ಮಾಡಿಸುತ್ತಿದ್ದರು. ನೂರು ವರ್ಷದ ಹಿಂದೆ ಯುರೋಪಿನ ಹೆಂಗಸರೂ ತಮ್ಮ ಬಾಚಿದ ಕೂದಲನ್ನು ಡಬ್ಬಿಯಲ್ಲಿ ಕೂಡಿಟ್ಟು ಹೀಗೇ ಒಳಮೆತ್ತೆ ಮಾಡಿಕೊಳ್ಳುತ್ತಿದ್ದರು. ಹಡಗಲಿ ಮಲ್ಲಿಗೆ ಮುಡಿಯುವುದಾದರೆ ಕೆಳಗಿನ ತುರುಬಿಗೆ ಮುಡಿಯಿರಿ. ಪಫ್ ಮೇಲೆ ಸುತ್ತಿದರೆ ದಂಡೆಯ ಭಾರ, ಹೂವಿನ ತಂಪು ಎರಡೂ ಸೇರಿ ಅದನ್ನು ಕೂರಿಸಿಬಿಡುತ್ತವೆ.

"ಕೂದ್ಲ ಹಾಳಾಗಂಗಿಲ್ಲೇನ್ರಿ?" ಎಂದೂ ಕೇಳುತ್ತಾರೆ. ದಿನಾ ಮಾಡಿದರೆ ಖಂಡಿತ ಹಾಳಾಗುತ್ತದೆ, ಎದ್ದ ಪದರ ಕಿತ್ತುಬರುತ್ತದೆ. ಬಾಣಂತನದ ನಂತರ ಕೂದಲು ಉದುರುತ್ತಿರುವವರು, ಸ್ಟ್ರೇಟ್ನಿಂಗ್ ಮಾಡಿಸಿದವರು ಈ ಗೋಜಿಗೆ ಹೋಗಬಾರದು ಎಂದೇ ನನ್ನ ಮಾತು. ಉಳಿದವರಿಗೂ ಹಾನಿ ಹೆಚ್ಚು ಆಗುವುದು ಹಾಕುವಾಗಲ್ಲ, ತೆಗೆಯುವಾಗ. ನಿದ್ದೆಗಣ್ಣಲ್ಲಿ ಬುಡದಿಂದ ಬಾಚಣಿಕೆ ಹಾಕಿ ಜಗ್ಗಿದರೆ ಕೈತುಂಬ ಬರುತ್ತದೆ. ಪಿನ್ನೆಲ್ಲ ತೆಗೆದು, ಕೊಬ್ಬರಿ ಎಣ್ಣೆ ಧಾರಾಳವಾಗಿ ಸವರಿ, ಮೊದಲು ತುದಿ, ಆಮೇಲೆ ನಡು, ಕಡೆಗೆ ಬುಡ, ಬೆರಳಲ್ಲೇ ಬಿಡಿಸಿ. ಅರ್ಧ ಗಂಟೆ ಹಿಡಿಯುತ್ತದೆ. ಮದುವೆ ಮನೆಯಿಂದ ನಡುರಾತ್ರಿ ಬಂದು ಹಾಗೇ ಮಲಗುವ ದಿನವಾದರೆ ಉಲ್ಟಾ ಬಾಚುವುದು ಬೇಡ, ರೋಲರ್ ಸುತ್ತಿ ಬಂದಷ್ಟು ಉಬ್ಬೇ ಸಾಕು.