ಮೆಟಲರ್ಜಿ ಲ್ಯಾಬಿನಲ್ಲಿ ಕಂಡ ಗ್ರೇನುಗಳು

ಮೆಕ್ಯಾನಿಕಲ್ ಓದಿದವರು ಸಾಮಾನ್ಯವಾಗಿ ವರ್ಕ್‌ಶಾಪಿನ ಕಥೆ ಹೇಳುತ್ತಾರೆ. ನನಗೆ ಮಾತ್ರ ಹಾಸನದ ನಮ್ಮ ಕಾಲೇಜು ಅಂದರೆ ಲೋಹಗಳನ್ನು ಪರೀಕ್ಷಿಸುವ ಮೆಟಲರ್ಜಿ ಲ್ಯಾಬ್. ಎಮರಿ ಪೇಪರ್ ಮೇಲೆ ಉಕ್ಕಿನ ತುಂಡನ್ನು ಉಜ್ಜಿ ಉಜ್ಜಿ ಬೆರಳೆಲ್ಲ ಕಪ್ಪಾಗುತ್ತಿತ್ತು. ಪೇಪರ್ ಬದಲಿಸಿದಾಗಲೆಲ್ಲ ತುಂಡನ್ನು ಕಾಲು ಸುತ್ತು ತಿರುಗಿಸಬೇಕು. ಹಿಂದಿನ ಗೀರು ಪೂರ್ತಿ ಹೋಗದೆ ಮುಂದಿನ ಪೇಪರ್ ಮುಟ್ಟುವಂತಿಲ್ಲ. ಮುಖ ಕಾಣುವಷ್ಟು ಹೊಳಪು ಬಂದ ಮೇಲೆ ನೈಟಾಲ್, ಅಂದರೆ ಆಲ್ಕೋಹಾಲಿನಲ್ಲಿ ಸ್ವಲ್ಪ ನೈಟ್ರಿಕ್ ಆಸಿಡ್. ಕೆಲವು ಸೆಕೆಂಡು ಹಾಕಿ ತೊಳೆದರೆ ಅಷ್ಟು ಕಷ್ಟಪಟ್ಟು ತಂದ ಹೊಳಪೆಲ್ಲ ಮಂಕು! ಆದರೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗ್ರೇನುಗಳು, ಅಂದರೆ ಲೋಹದ ಪುಟ್ಟ ಹರಳುಗಳು, ನಡುವೆ ಕಪ್ಪು ಗೆರೆಗಳು. ಆಸಿಡ್ ಮೊದಲು ತಿನ್ನುವುದು ಗ್ರೇನುಗಳು ಕೂಡುವ ಅಂಚನ್ನು, ಅಂದರೆ ಗ್ರೇನ್ ಬೌಂಡರಿಯನ್ನೇ.

ನಮ್ಮ ಸರ್ ಇದನ್ನು ತೋರಿಸದೆ ಸೂತ್ರ ಬರೆಯುತ್ತಿರಲಿಲ್ಲ. ಸಕಲೇಶಪುರದ ಕಡೆಯ ಹುಡುಗರಿಗೆ, "ತೋಟದ ಲೈನ್ ಮನೆ ಮೇಲೆ ಹೊಸ ಜಿಂಕ್ ಶೀಟ್ ನೋಡಿಲ್ವೇನ್ರಪ್ಪಾ? ಆ ಹೂವಿನ ಚಿತ್ತಾರ ಒಂದೊಂದೂ ಸತುವಿನ ಗ್ರೇನು. ಅದಕ್ಕೆ ಮೈಕ್ರೋಸ್ಕೋಪೂ ಬೇಡ" ಎನ್ನುತ್ತಿದ್ದರು.

ಲೋಹ ಬಾಗುವುದು ಅಂದರೆ ಒಳಗೆ ಡಿಸ್‌ಲೊಕೇಶನ್‌ಗಳು, ಅಂದರೆ ಪರಮಾಣುಗಳ ಸಾಲಿನಲ್ಲಿರುವ ದೋಷಗಳು, ಜರುಗುವುದು. ಒಂದು ಗ್ರೇನಿನಲ್ಲಿ ಪರಮಾಣುಗಳ ಸಾಲು ಒಂದು ದಿಕ್ಕಿಗಿದ್ದರೆ ಪಕ್ಕದ್ದರಲ್ಲಿ ಇನ್ನೊಂದು ದಿಕ್ಕಿಗೆ. ಹಾಗಾಗಿ ಬೌಂಡರಿಗೆ ಬಂದವು ಅಲ್ಲೇ ಒಟ್ಟಾಗಿ ನಿಲ್ಲುತ್ತವೆ, ಲೋಹ ಬಾಗುವುದು ಕಷ್ಟವಾಗುತ್ತದೆ. "ತುಂಡು ಗದ್ದೆಯಲ್ಲಿ ನೇಗಿಲು ಹೂಡಿದ ಹಾಗೆ, ನಾಲ್ಕು ಹೆಜ್ಜೆಗೊಂದು ಬದು." ಇದೂ ಸರ್ ಮಾತೇ.

ಇದನ್ನು ಲೆಕ್ಕಕ್ಕೆ ತಂದವರು 1951ರಲ್ಲಿ ಹಾಲ್, 1953ರಲ್ಲಿ ಪೆಚ್ ಎಂಬ ವಿಜ್ಞಾನಿಗಳು. ಬೌಂಡರಿಯಿಂದ ಸಿಗುವ ಬಲ ಗ್ರೇನ್ ಅಳತೆಯ ವರ್ಗಮೂಲಕ್ಕೆ ವಿಲೋಮ. ಮೈಲ್ಡ್ ಸ್ಟೀಲ್‌ನಲ್ಲಿ ಗ್ರೇನು 100 ಮೈಕ್ರಾನ್ (ಮಿಲಿಮೀಟರಿನ ಹತ್ತನೇ ಒಂದು ಪಾಲು) ಇದ್ದಾಗ ಬಲದಲ್ಲಿ ಈ ಪಾಲು ಸುಮಾರು 70 ಮೆಗಾಪ್ಯಾಸ್ಕಲ್ (ಲೋಹದ ಬಲ ಅಳೆಯುವ ಮಾನ). 25 ಮೈಕ್ರಾನಿಗೆ ಇಳಿಸಿದರೆ 140. ಕಾಲು ಪಾಲು ಮಾಡಿದರೆ ಬರೀ ಎರಡು ಪಟ್ಟು! ಸ್ವಲ್ಪ ಜಿಪುಣ ಸೂತ್ರವೇ, ಅಲ್ವಾ? ಆದರೂ ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಾರ್ಬನ್ ಜಾಸ್ತಿ ಮಾಡಿದರೆ ಉಕ್ಕು ಗಟ್ಟಿಯಾಗುತ್ತದೆ, ಜೊತೆಗೆ ಪಟ್ಟನೆ ಮುರಿಯುವ ಗುಣವೂ ಬರುತ್ತದೆ. ಗ್ರೇನು ಸಣ್ಣದಾದರೆ ಬಲವೂ ಹೆಚ್ಚು, ಏಟು ತಡೆಯುವ ಶಕ್ತಿಯೂ ಹೆಚ್ಚು.

ಇದರ ಬೆಲೆ ಗೊತ್ತಾಗಿದ್ದು ಕಾದ ಲೋಹವನ್ನು ಬಡಿದು ಆಕಾರ ಕೊಡುವ ಒಂದು ಫೋರ್ಜಿಂಗ್ ಶಾಪಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಫರ್ನೇಸಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಳಿದ ಒಂದು ಲಾಟ್, ಏಟು ಕೊಟ್ಟು ನೋಡುವ ಇಂಪ್ಯಾಕ್ಟ್ ಟೆಸ್ಟಿನಲ್ಲಿ ಫೇಲಾಯಿತು. ಮುರಿದ ಮುಖದಲ್ಲಿ ಕಣ್ಣಿಗೇ ಕಾಣುವಷ್ಟು ದಪ್ಪ ಹರಳು. ಬಿಸಿಯಲ್ಲಿ ಬಿಟ್ಟಷ್ಟೂ ಗ್ರೇನು ಬೆಳೆಯುತ್ತದೆ. ಮತ್ತೆ ಸುಮಾರು 900 ಡಿಗ್ರಿಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟೆವು. ನಾರ್ಮಲೈಸಿಂಗ್, ಅಷ್ಟೇ. ಹೊಸ ಸಣ್ಣ ಗ್ರೇನು ಹುಟ್ಟಿತು, ಟೆಸ್ಟ್ ಪಾಸಾಯಿತು. ಉಕ್ಕಿನ ಕಾಂಪೊಸಿಷನ್ ಹಿಂದಿನದ್ದೇ!

ಒಂದು ಇಂಟರ್ನಲ್ಸ್‌ನಲ್ಲಿ ಸರ್ ಕೊಟ್ಟ ಪ್ರಶ್ನೆ ಹೇಳಲೇಬೇಕು. ಗ್ರೇನು ಸಣ್ಣದಿದ್ದಷ್ಟೂ ಒಳ್ಳೆಯದಾದರೆ, ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡನ್ನು ಒಂದೇ ಕ್ರಿಸ್ಟಲ್ ಆಗಿ, ಅಂದರೆ ಇಡೀ ಬ್ಲೇಡೇ ಒಂದು ಗ್ರೇನು ಆಗುವಂತೆ, ಏಕೆ ಎರಕ ಹೊಯ್ಯುತ್ತಾರೆ? ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಬೌಂಡರಿಯೇ ದುರ್ಬಲ ಜಾಗ. ಗ್ರೇನುಗಳು ಅಲ್ಲೇ ಜಾರುತ್ತವೆ, ಬ್ಲೇಡು ನಿಧಾನವಾಗಿ ಉದ್ದವಾಗುತ್ತದೆ. ಅದಕ್ಕೇ ಬೌಂಡರಿಯೇ ಇಲ್ಲದಂತೆ ಮಾಡುತ್ತಾರೆ. ಇಷ್ಟು ಬರೆದವರಿಗೆ ಪೂರ್ತಿ ಮಾರ್ಕ್ಸ್. ಸೂತ್ರ, ಗ್ರಾಫು ಅಂತ ಮೂರು ಪುಟ ತುಂಬಿಸಿದವರಿಗೆ ಸೊನ್ನೆ.